ಹಿಟ್ಟು ಅವರದು, ಕಾವಲಿ ನಮ್ಮದು

ಜರ್ಮನಿಗೆ ಓದಲು ಬಂದ ನಾವು ನಾಲ್ವರು ಒಂದೇ ಮನೆಯಲ್ಲಿ ಇದ್ದೀವಿ. ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್, ಒಬ್ಬ ಮಾತ್ರ ಕಂಪ್ಯೂಟರ್ ಸೈನ್ಸ್. ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಘದವರು ಕೇಳಿದಾಗ, ಹಬ್ಬದ ಅಡುಗೆ, ರೈಲು ಪ್ರಯಾಣ, ಚಳಿ ಇವೆಲ್ಲವನ್ನೂ ಬೇರೆಯವರು ನಮಗಿಂತ ಚೆನ್ನಾಗಿ ಬರೀತಾರೆ ಅನ್ನಿಸಿತು. ಹಾಗಾಗಿ ಕಳೆದ ಚಳಿಗಾಲ ಪೂರ್ತಿ ನಮ್ಮ ತಲೆ ತಿಂದ ವಿಷಯವನ್ನೇ ಬರೀತಾ ಇದ್ದೀವಿ: ಲಿನಕ್ಸ್‌ನಲ್ಲಿ ಗೇಮ್ ಓಡಿಸುವ ಗ್ರಾಫಿಕ್ಸ್ ಡ್ರೈವರ್. ಹೆಸರು ನೋಡಿ ಪುಟ ತಿರುಗಿಸಬೇಡಿ, ಸ್ವಲ್ಪ ತಾಳಿ.

ಇಲ್ಲಿ ಜನ ತಮಗೆ ಬೇಡವಾದ ಸಾಮಾನಿಗೆ 'ಝು ಫರ್‌ಶೆಂಕೆನ್' ಅಂತ ಚೀಟಿ ಅಂಟಿಸಿ ಫುಟ್‌ಪಾತ್ ಮೇಲೆ ಇಡ್ತಾರೆ. ಬೇಕಾದವರು ಸುಮ್ಮನೆ ತಗೊಂಡು ಹೋಗಬಹುದು. ನಮ್ಮ ಮೇಜು, ಎರಡು ಕುರ್ಚಿ, ಅನ್ನದ ಪಾತ್ರೆ ಬಂದಿದ್ದು ಹಾಗೇ. ಕಂಪ್ಯೂಟರೂ ಹಾಗೇ ಬಂತು. ಒಳಗೆ 2013ರ ರೇಡಿಯಾನ್ ಆರ್9 290 ಕಾರ್ಡ್ ಇತ್ತು. ಆ ಪೀಳಿಗೆಯ ಕಾರ್ಡ್‌ಗಳಿಗೆ ವಿಂಡೋಸ್‌ನಲ್ಲಿ ನಿಯಮಿತ ಡ್ರೈವರ್ ಬೆಂಬಲ 2021ರ ಜೂನ್‌ನಲ್ಲೇ ನಿಂತಿದೆ. ಅಂದರೆ ಅಲ್ಲಿ ಅದಕ್ಕೆ ನಿವೃತ್ತಿ. ಲಿನಕ್ಸ್‌ನಲ್ಲಿ ಮಾತ್ರ ಇನ್ನೂ ಡ್ಯೂಟಿ ಮೇಲಿದೆ.

ನಮಗೆ ಅದು ಬೇಕಾಗಿದ್ದು ಶೋಕಿಗಲ್ಲ. ನಮ್ಮಲ್ಲೊಬ್ಬನ ತಂದೆ ಹೋದ ವರ್ಷ ದಾವಣಗೆರೆಯಲ್ಲಿ ತೀರಿಕೊಂಡರು. ಟಿಕೆಟ್ ಸಿಕ್ಕಿ ಇವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಿಯುಸಿ ಓದುವ ತಮ್ಮನೇ ಮುಂದೆ ನಿಂತು ಕಾರ್ಯ ಮಾಡಿದ್ದ. ಇವನು ವಾಪಸ್ ಬಂದ ಮೇಲೆ ಅಣ್ಣ ತಮ್ಮಂದಿರ ಫೋನ್ ಮಾತು "ಊಟ ಆಯ್ತಾ", "ಆಯ್ತು" ಅನ್ನುವಲ್ಲಿಗೇ ನಿಲ್ಲುತ್ತಿತ್ತು. ಆದರೆ ಭಾನುವಾರ ಇಲ್ಲಿ ಸಂಜೆ ನಾಲ್ಕು, ಅಲ್ಲಿ ರಾತ್ರಿ ಎಂಟೂವರೆಗೆ ಇಬ್ಬರೂ ಒಂದೇ ಗೇಮ್‌ನಲ್ಲಿ ಕೂತರೆ ಎರಡು ಗಂಟೆ ಬಾಯಿಗೆ ಬಿಡುವಿಲ್ಲ. "ಎಡಗಡೆ ನೋಡು", "ಗೋಡೆ ಹಿಂದೆ ಒಬ್ಬ ಇದ್ದಾನೆ" ಇದರ ಮಧ್ಯದಲ್ಲೇ "ಅಮ್ಮ ನಿನ್ನೆ ಅತ್ತಳು ಅಣ್ಣ" ಅನ್ನುವ ಮಾತೂ ಬರುತ್ತಿತ್ತು. ನಾವು ಉಳಿದ ಮೂವರು ಆ ಹೊತ್ತಿಗೆ ಅಡುಗೆಮನೆಗೆ ಹೋಗಿಬಿಡ್ತಿದ್ವಿ.

ಈಗ ತಾಂತ್ರಿಕ ವಿಷಯ. ಆ ಗೇಮ್ ವಿಂಡೋಸ್‌ಗೆ ಬರೆದದ್ದು. ಅದನ್ನು ಲಿನಕ್ಸ್‌ನಲ್ಲಿ ಓಡಿಸುವುದು ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಬಿಟ್ಟ ಪ್ರೋಟಾನ್. ಅದರೊಳಗಿನ ಡಿಎಕ್ಸ್‌ವಿಕೆ, ವಿಂಡೋಸ್‌ನ ಡೈರೆಕ್ಟ್3ಡಿ ಮಾತನ್ನು ವಲ್ಕನ್ ಅನ್ನುವ ಭಾಷೆಗೆ ತಿರುಗಿಸುತ್ತೆ. ವಲ್ಕನ್ ಅರ್ಥ ಮಾಡಿಕೊಂಡು ಕಾರ್ಡ್‌ಗೆ ಕೆಲಸ ಹೇಳುವುದು ಡ್ರೈವರ್. ನಮ್ಮ ಕಾರ್ಡ್‌ನ ಡ್ರೈವರ್ ಹೆಸರು ರಾಡ್‌ವಿ. ಬ್ರಯಾನ್ ಪಾಲ್ 1993ರಲ್ಲಿ ಶುರು ಮಾಡಿದ ಮೇಸಾ ಅನ್ನುವ ಮುಕ್ತ ಯೋಜನೆಯ ಒಂದು ಭಾಗ ಅದು. ಎಎಂಡಿ ತನ್ನ ವಲ್ಕನ್ ಡ್ರೈವರ್ ಅನ್ನು ಮುಕ್ತಗೊಳಿಸುತ್ತೇವೆ ಅಂದಿತ್ತು. ಅದು ಬರುವ ತನಕ ಕಾಯದೆ 2016ರಲ್ಲಿ ಡೇವ್ ಏರ್ಲಿ, ಬಾಸ್ ನ್ಯೂವೆನ್‌ಹೌಜೆನ್ ಇಬ್ಬರೇ ಇದನ್ನು ಶುರು ಮಾಡಿದರು. ಕಂಪನಿಯ ಡ್ರೈವರ್ 2017ರ ಡಿಸೆಂಬರ್‌ನಲ್ಲಿ ಬಂತು. 2025ರಲ್ಲಿ ಕಂಪನಿ ಅದನ್ನು ನಿಲ್ಲಿಸಿ ರಾಡ್‌ವಿಗೇ ಬೆಂಬಲ ಕೊಡುವುದಾಗಿ ಹೇಳಿತು.

ಶೇಡರ್ ಅಂದರೆ ಪರದೆಯ ಒಂದೊಂದು ಚುಕ್ಕೆಗೂ ಬಣ್ಣ, ನೆರಳು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್. ಗೇಮ್ ಜೊತೆ ಅದು ದೋಸೆ ಹಿಟ್ಟಿನ ಹಾಗೆ ಅರ್ಧ ಸಿದ್ಧವಾಗಿ ಬರುತ್ತೆ. ಒಂದೊಂದು ಮನೆಯ ಕಾವಲಿ ಒಂದೊಂದು ಥರ, ಹಾಗಾಗಿ ಹುಯ್ಯುವ ಕೆಲಸ ನಮ್ಮ ಮನೆಯಲ್ಲೇ ಆಗಬೇಕು. ಆ ಹುಯ್ಯುವವನೇ ಶೇಡರ್ ಕಂಪೈಲರ್. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೆ ಸಿಗುವುದು ಸುಮಾರು 16.6 ಮಿಲಿಸೆಕೆಂಡ್. ಅಷ್ಟರಲ್ಲಿ ಹೊಸ ಶೇಡರ್ ಒಂದು ಎದುರಾಗಿ ಕಂಪೈಲರ್ ತಡಮಾಡಿದರೆ ಗೇಮ್ ಗಕ್ಕನೆ ನಿಂತು ಮುಂದಕ್ಕೆ ಹೋಗುತ್ತೆ. ಮೊದಲು ರಾಡ್‌ವಿ ಎಲ್‌ಎಲ್‌ವಿಎಂ ಅನ್ನುವ ದೊಡ್ಡ ಕಂಪೈಲರ್ ಬಳಸುತ್ತಿತ್ತು. ಅದು ಎಲ್ಲ ಕೆಲಸಕ್ಕೂ ಆಗುವಂಥದ್ದು, ಆದರೆ ನಿಧಾನ. 2019ರಲ್ಲಿ ವಾಲ್ವ್ ಬೆಂಬಲದಿಂದ ಗೇಮ್‌ಗಳಿಗೆಂದೇ ಎಸಿಒ ಅನ್ನುವ ಹೊಸ ಕಂಪೈಲರ್ ಬಂತು. 2020ರಿಂದ ರಾಡ್‌ವಿಯಲ್ಲಿ ಅದೇ ಮಾಮೂಲಿ.

ಬೇಗ ಹುಯ್ದರೆ ಸಾಲದು, ಜಾಗವನ್ನೂ ಉಳಿಸಬೇಕು. ನಮ್ಮ ಕಾರ್ಡ್ 64 ಎಳೆಗಳನ್ನು ಒಂದು ತಂಡ ಮಾಡಿ ಓಡಿಸುತ್ತೆ. ಅದರ ಲೆಕ್ಕದ ಘಟಕವೊಂದರಲ್ಲಿ ಪ್ರತಿ ಎಳೆಯ ಜಾಗಕ್ಕೆ 256 ರಿಜಿಸ್ಟರ್. ಅದನ್ನು ತಂಡಗಳು ಹಂಚಿಕೊಳ್ಳಬೇಕು. ಒಂದು ಶೇಡರ್ 128 ತಗೊಂಡರೆ ಎರಡೇ ತಂಡ ಹಿಡಿಸುತ್ತೆ, 64 ಆದರೆ ನಾಲ್ಕು, 24ರೊಳಗೆ ಮುಗಿಸಿದರೆ ಹತ್ತು. ಮದುವೆಮನೆಯಲ್ಲಿ ಒಂದು ಪಂಕ್ತಿಗೆ ಸಾರು ಬರುವ ತನಕ ಇನ್ನೊಂದು ಪಂಕ್ತಿಗೆ ಪಲ್ಯ ಬಡಿಸುವ ಹಾಗೆ, ಒಂದು ತಂಡ ಮೆಮೊರಿಗೆ ಕಾಯುವಾಗ ಇನ್ನೊಂದು ತಂಡ ಕೆಲಸ ಮಾಡುತ್ತೆ. ಪಂಕ್ತಿ ಕಡಿಮೆ ಇದ್ದರೆ ಬಡಿಸುವವರು ಕೈಕಟ್ಟಿ ನಿಲ್ಲಬೇಕಾಗುತ್ತೆ.

ಜನವರಿಯಲ್ಲಿ ಒಂದು ಅಪ್‌ಡೇಟ್ ಆದ ಮೇಲೆ ನಮ್ಮ ಪರದೆಯಲ್ಲಿ ನೆರಳಿರುವ ಕಡೆಯೆಲ್ಲ ಕಪ್ಪು ಚೌಕಗಳು ಮಿನುಗತೊಡಗಿದವು. ಎದುರಿಗೆ ಯಾರು ನಿಂತಿದ್ದಾರೆ ಅಂತಲೇ ಕಾಣದು. ಹಳೇ ಆವೃತ್ತಿಗೆ ವಾಪಸ್ ಹೋಗೋಣ ಅಂದರೆ ಗೇಮ್ ಹೊಸ ಪ್ರೋಟಾನ್ ಕೇಳುತ್ತೆ, ಅದು ಹೊಸ ಡ್ರೈವರ್ ಕೇಳುತ್ತೆ. ಹೊಸ ಕಾರ್ಡ್ ಕೊಳ್ಳುವ ಮಾತೇ ಇಲ್ಲ. ಒಂದು ಭಾನುವಾರ ಹೋಯಿತು, ಇನ್ನೊಂದು ಹೋಯಿತು. ಮೂರನೇ ವಾರ ತಮ್ಮನೇ "ಬಿಡಣ್ಣ, ನಂಗೂ ಪರೀಕ್ಷೆ ಇದೆ" ಅಂದ. ಫೋನ್ ಇಟ್ಟ ಮೇಲೆ ಇವನು ಯಾರ ಜೊತೆಗೂ ಮಾತಾಡಲಿಲ್ಲ. ಆ ರಾತ್ರಿ ನಾಲ್ವರೂ ಕೂತ್ವಿ.

ಮೊದಲು ಒಂದು ಸಣ್ಣ ಪರೀಕ್ಷೆ. ರಾಡ್‌ವಿಯಲ್ಲಿ ಎಸಿಒ ಬದಲು ಎಲ್‌ಎಲ್‌ವಿಎಂ ಬಳಸು ಅಂತ ಹೇಳುವ ಆಯ್ಕೆ ಇದೆ. ಹಾಕಿ ನೋಡಿದರೆ ಚೌಕಗಳು ಮಾಯ. ಆದರೆ ಪ್ರತಿ ತಿರುವಿನಲ್ಲೂ ಗೇಮ್ ತಡವರಿಸುತ್ತೆ, ಆಡೋಕೆ ಆಗಲ್ಲ. ಆದರೂ ಒಂದು ವಿಷಯ ಗೊತ್ತಾಯ್ತು: ತೊಂದರೆ ಕಂಪೈಲರ್ ಕಡೆ ಇದೆ. ಆಮೇಲೆ ಸರಿಯಿದ್ದ ಆವೃತ್ತಿಗೂ ಕೆಟ್ಟ ಆವೃತ್ತಿಗೂ ನಡುವೆ ಆದ ಬದಲಾವಣೆಗಳನ್ನು ಅರ್ಧರ್ಧ ಮಾಡುತ್ತಾ ಹುಡುಕಿದ್ವಿ. ಸುಮಾರು ಸಾವಿರ ಬದಲಾವಣೆ ಇದ್ದರೂ ಹತ್ತು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತೆ. ಒಬ್ಬ ಕೋಡ್ ಬಿಲ್ಡ್ ಮಾಡೋದು, ಒಬ್ಬ ಗೇಮ್‌ನಲ್ಲಿ ಅದೇ ಗೋಡೆ ಹತ್ತಿರ ಹೋಗಿ ನಿಲ್ಲೋದು, ಒಬ್ಬ ಬರೆದುಕೊಳ್ಳೋದು, ಒಬ್ಬ ಚಹಾ. ಎರಡು ರಾತ್ರಿಗೆ ಆ ಒಂದು ಬದಲಾವಣೆ ಸಿಕ್ಕಿತು.

ಅದು ಹೊಸ ಚಿಪ್‌ಗಳಿಗೆ ಒಳ್ಳೆಯದೇ ಆಗಿತ್ತು. ನಮ್ಮ ಹಳೇ ಚಿಪ್ಪಿನದೊಂದು ವಿಚಿತ್ರ ಗುಣಕ್ಕೆ ಮಾತ್ರ ಹೊಂದುತ್ತಿರಲಿಲ್ಲ. ಅದನ್ನು ತಿದ್ದುವಷ್ಟು ವಿದ್ಯೆ ನಮ್ಮಲ್ಲಿ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು, ಯಾವ ಕಾರ್ಡ್, ಯಾವ ಬದಲಾವಣೆ, ಯಾವ ಶೇಡರ್ ಅಂತ ಸೇರಿಸಿ ಕಳಿಸಿದ್ವಿ. ನೀವು ಯಾವ ದೇಶದವರು, ವೀಸಾ ಯಾವುದು, ಡಿಗ್ರಿ ಮುಗಿದಿದೆಯಾ ಅಂತ ಯಾರೂ ಕೇಳಲಿಲ್ಲ. ಕಚೇರಿಯಿಂದ ಕಚೇರಿಗೆ ಕಾಗದ ಹೊತ್ತು ತಿರುಗಿದ ನಮಗೆ ಅದೇ ದೊಡ್ಡ ಆಶ್ಚರ್ಯ. ಮೂರನೇ ದಿನ ಒಬ್ಬರು ತಿದ್ದುಪಡಿ ಕಳಿಸಿ "ನಿಮ್ಮ ಕಾರ್ಡ್‌ನಲ್ಲಿ ಪರೀಕ್ಷಿಸಿ ಹೇಳ್ತೀರಾ?" ಅಂದರು. ಹಾಕಿದ್ವಿ. ನೆರಳು ನೆರಳಾಯಿತು.

ಅಲ್ಲೊಂದು ಪದ್ಧತಿ ಇದೆ. ತಿದ್ದುಪಡಿಯನ್ನು ಪರೀಕ್ಷಿಸಿದವರ ಹೆಸರನ್ನೂ ಅದರ ಕೆಳಗೆ ಒಂದು ಸಾಲಿನಲ್ಲಿ ಬರೀತಾರೆ. ನಾವು ಮೂವರು ದಾವಣಗೆರೆಯವನ ಹೆಸರನ್ನೇ ಕೊಟ್ವಿ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಇವನಿಗೂ ಮನೆತನದ ಹೆಸರಿಲ್ಲ. ಪಾಸ್‌ಪೋರ್ಟ್‌ನಲ್ಲಿ ಕೊನೆಯ ಹೆಸರಾಗಿರುವುದು ತಂದೆಯದು. ಆ ಭಾನುವಾರ ಗೇಮ್ ಶುರುವಾಗುವ ಮೊದಲೇ ತಮ್ಮನಿಗೆ ಆ ಸಾಲು ಕಳಿಸಿದ್ದ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ಅಪ್ಪನ ಹೆಸರೂ ಇದೆ ನೋಡು ಇದರಲ್ಲಿ" ಅಂದ. ನಾವು ಎದ್ದು ಅಡುಗೆಮನೆಗೆ ಹೋದ್ವಿ.

ಈ ವರ್ಷ ಹೊಸದಾಗಿ ಬಂದಿರುವ ತಮ್ಮ ತಂಗಿಯರಿಗೆ ಒಂದು ಮಾತು. ಇಂಥ ಕಡೆ ಪಾಲ್ಗೊಳ್ಳಲು ಕಂಪೈಲರ್ ಬರೆಯುವಷ್ಟು ಬುದ್ಧಿವಂತಿಕೆ ಬೇಕಿಲ್ಲ. ಬರೆಯುವವರ ಹತ್ತಿರ ಎಲ್ಲ ಹಳೇ ಕಾರ್ಡೂ ಇರಲ್ಲ, ನಿಮ್ಮ ಹತ್ತಿರ ಇರುವುದೇ ಒಂದು ಅರ್ಹತೆ. ನೋಡಿದ್ದನ್ನು ಸರಿಯಾಗಿ ಬರೆಯಿರಿ, ಕೇಳಿದಾಗ ಪರೀಕ್ಷಿಸಿ ಹೇಳಿ. ಇನ್ನು ಯಾರಾದರೂ ಕಲಿಯಬೇಕು ಅಂದರೆ ನಮ್ಮ ಮನೆಗೆ ಬನ್ನಿ. ಕಾರ್ಡ್ ಇದೆ, ಚಹಾ ಇದೆ. ಭಾನುವಾರ ಸಂಜೆ ನಾಲ್ಕರಿಂದ ಆರು ಮಾತ್ರ ಬೇಡ.