ಕೊಲೆಗಾರ ಮೊದಲೇ ಗೊತ್ತಿದ್ದರೆ?

ಮಗ ಪಿಯುಸಿ ಓದುತ್ತಿದ್ದಾನೆ. ಭೌತಶಾಸ್ತ್ರದ ಪುಸ್ತಕ ತೆರೆದು ಕುಳಿತವನು ಎರಡು ಗಂಟೆಯಿಂದ ತಲೆ ಎತ್ತಿಲ್ಲ. ಇದನ್ನು ಕಂಡು ಯಾವ ತಾಯಿಗೆ ತಾನೆ ಹಿಗ್ಗಾಗುವುದಿಲ್ಲ? ಹಾಲಿನ ಲೋಟ ಹಿಡಿದು ಒಳಬಂದ ಆ ತಾಯಿಗೆ ಭೌತಶಾಸ್ತ್ರದ ಒಳಗೆ ಇನ್ನೊಂದು ಪುಸ್ತಕ ಕಂಡಿತು. ಕಾಲೇಜಿನ ಗ್ರಂಥಾಲಯದಿಂದ ತಂದ ಇಂಗ್ಲಿಷ್ ಪತ್ತೇದಾರಿ ಕಥೆಗಳ ಸಂಕಲನ. ತಂದೆಯ ಎದುರು ವಿಚಾರಣೆ ನಡೆಯಿತು. "ಕೊಲೆ, ಕಳ್ಳತನ ಓದಿ ಯಾರು ಉದ್ಧಾರವಾಗಿದ್ದಾರೆ?" ಎಂದು ಅವರು ಪುಸ್ತಕವನ್ನು ಬೀರುವಿನ ಮೇಲಕ್ಕೆ ಎಸೆದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ದಿಂಬಿನಡಿ ಇಟ್ಟುಕೊಂಡು ಓದಿದ್ದ ಅಜ್ಜ ಮಾತ್ರ ಮಾತಾಡದೆ ಮೀಸೆಯೊಳಗೇ ನಕ್ಕರು. ಹುಡುಗ ಓದುತ್ತಿದ್ದ ಕಥೆ ಯಾವುದೆಂದು ಯಾರೂ ಕೇಳಲಿಲ್ಲ.

ಅದು ಆಸ್ಕರ್ ಬ್ರಾಡ್‌ಸ್ಕಿ ಎಂಬ ವಜ್ರದ ವ್ಯಾಪಾರಿಯ ಕೊಲೆಯ ಕಥೆ. ಬರೆದವರು ಇಂಗ್ಲೆಂಡಿನ ರಿಚರ್ಡ್ ಆಸ್ಟಿನ್ ಫ್ರೀಮನ್ (1862-1943). ವೃತ್ತಿಯಿಂದ ವೈದ್ಯರು. 1887ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ, ಸರ್ಕಾರಿ ವೈದ್ಯರಾಗಿ ಹೋಗಿ, ಜ್ವರದಿಂದ ಆರೋಗ್ಯ ಕೆಡಿಸಿಕೊಂಡು ಮರಳಿದವರು. ಆಮೇಲೆ ಲೇಖನಿ ಹಿಡಿದು ಡಾಕ್ಟರ್ ಥಾರ್ನ್‌ಡೈಕ್ ಎಂಬ ಪತ್ತೇದಾರನನ್ನು ಸೃಷ್ಟಿಸಿದರು. ಥಾರ್ನ್‌ಡೈಕ್ ಪಿಸ್ತೂಲು ಹಿಡಿದು ಓಡಾಡುವವನಲ್ಲ. ಅವನ ಕೈಯಲ್ಲಿರುವುದು ಹಸಿರು ಬಣ್ಣದ ಒಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಸೂಕ್ಷ್ಮದರ್ಶಕ, ಪರೀಕ್ಷಾ ನಳಿಕೆ, ರಾಸಾಯನಿಕಗಳು. ಒಟ್ಟಿನಲ್ಲಿ ಒಂದು ಸಂಚಾರಿ ಪ್ರಯೋಗಶಾಲೆ.

1912ರಲ್ಲಿ ಪ್ರಕಟವಾದ 'ದಿ ಸಿಂಗಿಂಗ್ ಬೋನ್' ಸಂಕಲನದಲ್ಲಿರುವ ಈ ಕಥೆಯಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ಕೊಲೆಗಾರ ಯಾರೆಂಬುದನ್ನು ಕೊನೆಯ ಪುಟದವರೆಗೆ ಬಚ್ಚಿಡುತ್ತಾರಲ್ಲವೆ? ಇಲ್ಲಿ ಅದು ಮೊದಲೇ ಗೊತ್ತು. ಸೈಲಸ್ ಹಿಕ್ಲರ್ ಎಂಬ ಕಳ್ಳನ ಮನೆ ರೈಲು ನಿಲ್ದಾಣದ ಹತ್ತಿರ. ದಾರಿ ಕೇಳಿಕೊಂಡು ಬಂದ ಬ್ರಾಡ್‌ಸ್ಕಿಯನ್ನು ಅವನು ಗುರುತು ಹಿಡಿಯುತ್ತಾನೆ, ರೈಲಿಗೆ ಇನ್ನೂ ಹೊತ್ತಿದೆ ಎಂದು ಒಳಗೆ ಕರೆದು ಕೂರಿಸುತ್ತಾನೆ, ಬಿಸ್ಕತ್ತು ಕೊಡುತ್ತಾನೆ. ಆಮೇಲೆ ವಜ್ರದ ಆಸೆಗೆ ಬಿದ್ದು, ಮೇಜಿನ ಮೇಲಿದ್ದ ಬಟ್ಟೆಯನ್ನೇ ಬಾಯಿಗೆ ಒತ್ತಿ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಹೆಣವನ್ನು ಹೊತ್ತೊಯ್ದು ಕತ್ತು ಹಳಿಯ ಮೇಲೆ ಬರುವಂತೆ ಮಲಗಿಸುತ್ತಾನೆ. ಗೂಡ್ಸ್ ರೈಲು ಉಳಿದ ಕೆಲಸ ಮುಗಿಸುತ್ತದೆ. ನೋಡಿದವರಿಗೆ ಇದು ಆತ್ಮಹತ್ಯೆ, ಇಲ್ಲವೇ ಅಪಘಾತ.

ಅಲ್ಲಿಗೆ ಕಥೆಯ ಮೊದಲ ಭಾಗ ಮುಗಿಯಿತು. ಎರಡನೆಯ ಭಾಗದಲ್ಲಿ ಥಾರ್ನ್‌ಡೈಕ್ ಬರುತ್ತಾನೆ. ಓದುಗನಿಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ. ಅವನು ನೋಡುವುದು ಕಸದಂಥ ವಸ್ತುಗಳನ್ನು. ರಕ್ತದ ಗುರುತುಗಳನ್ನು ಪರೀಕ್ಷಿಸಿ, ರೈಲು ಹರಿಯುವ ಮೊದಲೇ ಜೀವ ಹೋಗಿತ್ತೆಂದು ತಿಳಿಯುತ್ತಾನೆ. ಹೆಣದ ಹಲ್ಲುಗಳ ಸಂದಿಯಿಂದ ಕೆಲವು ಎಳೆಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಡುತ್ತಾನೆ: ಬಣ್ಣ ಹಾಕಿದ ಉಣ್ಣೆ, ಹತ್ತಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ, ಹತ್ತಿಯ ಎಳೆ ಹುರಿಗೊಂಡ ಪಟ್ಟಿಯಂತಿರುತ್ತದೆ. ಇದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲೂ ನೋಡಬಹುದು. ಹಳಿಯ ಮೇಲೆ ಬಿದ್ದವನ ಬಾಯೊಳಗೆ ಇಂಥ ಬಟ್ಟೆಯ ಎಳೆ ಹೇಗೆ ಬಂತು?

ಎಲ್ಲಕ್ಕಿಂತ ಸೊಗಸಾದದ್ದು ಕನ್ನಡಕದ ಪ್ರಸಂಗ. ಗುದ್ದಾಟದಲ್ಲಿ ಬ್ರಾಡ್‌ಸ್ಕಿಯ ಕನ್ನಡಕ ಪುಡಿಯಾಗಿತ್ತು. ಹಿಕ್ಲರ್ ಬಲು ಜಾಣ. ಚೂರುಗಳನ್ನು ಗುಡಿಸಿ ಒಯ್ದು ಹಳಿಯ ಬಳಿ ಉದುರಿಸಿದ್ದ. ಥಾರ್ನ್‌ಡೈಕ್ ಆ ಚೂರುಗಳನ್ನು ತಾಳ್ಮೆಯಿಂದ ಜೋಡಿಸುತ್ತಾನೆ. ಕನ್ನಡಕಕ್ಕೆ ಸೇರದ ಕೆಲವು ಚೂರುಗಳು ಉಳಿದುಬಿಡುತ್ತವೆ. ಅವು ಮನೆಯಲ್ಲಿ ಒಡೆದ ಒಂದು ಗಾಜಿನ ಲೋಟದವು! ತಪ್ಪು ಮುಚ್ಚಲು ಮಾಡಿದ ಜಾಣತನವೇ ಅವನಿಗೆ ಮುಳುವಾಯಿತು.

ಫ್ರೀಮನ್ ತಮ್ಮ ಕಥೆಗಳಲ್ಲಿ ಬರುವ ಪ್ರಯೋಗಗಳನ್ನು ತಾವೇ ಮಾಡಿ ನೋಡುತ್ತಿದ್ದರು. ಆಗದ್ದನ್ನು ಆಯಿತೆಂದು ಬರೆಯುವುದು ಅವರಿಗೆ ಒಗ್ಗದ ಸಂಗತಿ. ಸಾಕ್ಷ್ಯವನ್ನು ಕುರುಡಾಗಿ ನಂಬುವುದೂ ಅವರಿಗೆ ಒಗ್ಗುತ್ತಿರಲಿಲ್ಲ. 1907ರ 'ದಿ ರೆಡ್ ಥಂಬ್ ಮಾರ್ಕ್' ಕಾದಂಬರಿಯಲ್ಲಿ ಬೀಗ ಹಾಕಿದ ತಿಜೋರಿಯಿಂದ ವಜ್ರಗಳು ಮಾಯವಾಗುತ್ತವೆ. ಅಲ್ಲಿದ್ದ ಕಾಗದದ ಮೇಲೆ ರಕ್ತದ ಹೆಬ್ಬೆಟ್ಟಿನ ಗುರುತು. ಅದು ಮನೆಯ ಯುವಕನದ್ದೇ, ಇನ್ನೇನು ಬೇಕು? ಆದರೆ ಆ ಗುರುತು ನಕಲಿ ಎಂದು ಥಾರ್ನ್‌ಡೈಕ್ ನ್ಯಾಯಾಲಯದಲ್ಲಿ ತೋರಿಸಿಕೊಡುತ್ತಾನೆ. ಬೆರಳಚ್ಚಿನ ವಿದ್ಯೆ ಆಗಿನ್ನೂ ಹೊಸತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಶುರುವಾಗಿತ್ತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ದುಡಿಮೆಯಿಂದ ರೂಪುಗೊಂಡ ವರ್ಗೀಕರಣ ಪದ್ಧತಿ, ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಸೇರಿತು. ಲೋಕವೆಲ್ಲ ಅದನ್ನು ಕೊಂಡಾಡುತ್ತಿದ್ದಾಗ, "ಗುರುತು ಸರಿ, ಅದು ಅಲ್ಲಿಗೆ ಬಂದದ್ದು ಹೇಗೆ?" ಎಂದು ಕೇಳಿದ್ದು ಫ್ರೀಮನ್ನರ ಹೆಚ್ಚುಗಾರಿಕೆ.

ಮತ್ತೆ ಆ ಹುಡುಗನ ಮನೆಗೆ ಬರೋಣ. ಪುಸ್ತಕ ಬೀರುವಿನ ಮೇಲೆ ಸೇರಿದ ವಾರದಲ್ಲೇ ಅವನ ತಂಗಿಯ ಕಿವಿಯ ಓಲೆಯೊಂದು ಕಾಣೆಯಾಯಿತು. ಬೆಳಿಗ್ಗೆ ನೆಲ ಒರೆಸಿ ಹೋದವಳು ಮನೆಗೆಲಸದ ಹೆಂಗಸು. ತಾಯಿಗೆ ಅನುಮಾನವೇ ಉಳಿಯಲಿಲ್ಲ. ಮಾರನೆಯ ದಿನ ಕೇಳಿಯೇ ಬಿಟ್ಟರು. "ಅಕ್ಕಾ, ಆರು ವರ್ಷದಿಂದ ಬರ್ತಿದೀನಿ" ಎಂದಷ್ಟೇ ಹೇಳಿ ಆಕೆ ಹೊರಟುಹೋದಳು. ಮತ್ತೆ ಬರಲಿಲ್ಲ.

ಹುಡುಗ ಮಾತ್ರ ತಂಗಿಯನ್ನು ಕೂರಿಸಿಕೊಂಡು ಕೇಳಿದ. ಕೊನೆಗೆ ಓಲೆ ಕಿವಿಯಲ್ಲಿದ್ದದ್ದು ಯಾವಾಗ? ತಲೆಗೆ ಸ್ನಾನ ಮಾಡಿದ್ದು ಯಾವಾಗ? ಉಳಿದ ಓಲೆಯ ತಿರುಪಿಗೆ ನೀಲಿ ಎಳೆಯೊಂದು ಸುತ್ತಿಕೊಂಡಿತ್ತು. ಮನೆಯಲ್ಲಿ ನೀಲಿ ಟವೆಲ್ ಒಂದೇ. ಅದು ಮಡಚಿ ಕಪಾಟು ಸೇರಿತ್ತು. ಬಿಡಿಸಿ ಕೊಡವಿದಾಗ ಓಲೆ ನೆಲಕ್ಕೆ ಬಿತ್ತು.

ಮನೆಯವರಿಗೆ ಸಂತೋಷವಾಯಿತೆ? ತಾಯಿ ಆ ಸಂಜೆ ಊಟ ಮಾಡಲಿಲ್ಲ. ಫ್ರೀಮನ್ನರ ಕಥೆಯಲ್ಲಿ ಕೊಲೆಗಾರ ಯಾರೆಂದು ಓದುಗನಿಗೆ ಖಚಿತವಾಗಿ ಗೊತ್ತು. ಆದರೂ ಎಳೆ ಎಳೆಯಾಗಿ ಸಾಬೀತಾಗುವ ತನಕ ಕಾಯಬೇಕು. ಈ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಆದರೂ ತೀರ್ಪು ಒಂದೇ ರಾತ್ರಿಯಲ್ಲಿ ಹೊರಬಿತ್ತು. ಪರೀಕ್ಷೆಗೆಂದು ಓದುವ ವಿಜ್ಞಾನದಲ್ಲಿ ವೀಕ್ಷಣೆ, ಊಹೆ, ಪ್ರಯೋಗ, ನಿರ್ಣಯ ಎಂದು ಕ್ರಮವಾಗಿ ಬರೆದು ಅಂಕ ಗಳಿಸುತ್ತೇವೆ. ಮನೆಗೆ ಬಂದೊಡನೆ ಊಹೆಯಿಂದ ನೇರವಾಗಿ ನಿರ್ಣಯಕ್ಕೆ ಹಾರುತ್ತೇವೆ.

ಮರುದಿನ ತಾಯಿ ಮಗನನ್ನು ಕರೆದುಕೊಂಡು ಆಕೆಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಮೂರು ದಿನ ಬಿಟ್ಟು ಆಕೆ ಕೆಲಸಕ್ಕೆ ಬಂದಳು. ಮೊದಲಿನಷ್ಟು ಮಾತಿಲ್ಲ. ಅದಕ್ಕೆ ಇನ್ನೂ ಕಾಲ ಬೇಕು.

ಬೀರುವಿನ ಮೇಲಿನ ಪುಸ್ತಕವನ್ನು ಕೆಳಗಿಳಿಸಿದವರು ತಂದೆಯೇ. "ಪರೀಕ್ಷೆ ಮುಗಿದ ಮೇಲೆ ಓದು" ಎಂದು ಮಗನಿಗೆ ಹೇಳಿ, ಅಲ್ಲಿಯವರೆಗೆ ತಾವೇ ಓದತೊಡಗಿದರು.