ಗುಂಡಿಯ ಗುರುತು

ನಮ್ಮ ಕಡೆ ಗುಂಡಿ ಎಂದರೆ ಮೂರು ತರಹ. ಅಂಗಿಯದು ಒಂದು, ರಸ್ತೆಯದು ಇನ್ನೊಂದು, ಈಚೆಗೆ ಬಂದದ್ದು ಕಂಪ್ಯೂಟರಿನ ಪರದೆಯ ಮೇಲಿನದು. ಅಂಗಿಯದು ಕಿತ್ತುಹೋದರೆ ಹೊಲಿದುಕೊಳ್ಳುತ್ತೇವೆ. ರಸ್ತೆಯದನ್ನು ಬಸ್ಸಿನ ಡ್ರೈವರ್ ನೋಡಿಕೊಳ್ಳುತ್ತಾನೆ. ಮೂರನೆಯದರ ಸ್ವಭಾವ ಮಾತ್ರ ಬೇರೆ. ಅದು ನಿನ್ನೆ ಇದ್ದಲ್ಲಿ ಇವತ್ತು ಇರುವುದಿಲ್ಲ. ಇದ್ದರೂ ನಿನ್ನೆಯ ಹೆಸರಿನಲ್ಲಿ ಇರುವುದಿಲ್ಲ.

ಇದು ನಮಗೇಕೆ ಎನ್ನಬೇಡಿ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಕಾದು ನಿಂತವರಲ್ಲಿ ನಾವೂ ಇದ್ದೆವಲ್ಲ? ಒಳಗೆ ಕುಳಿತ ಹುಡುಗ ಏನೋ ಒತ್ತಿ "ಆಯ್ತ್ರಿ ಅಕ್ಕಾರ" ಎಂದರೆ ನಾವು ಮನೆಗೆ ಹೊರಡುತ್ತೇವೆ. ಆ 'ಏನೋ' ಎಂಬುದೇ ಗುಂಡಿ.

ನಾನು ಸಿಂಧನೂರಿನ ಒಂದು ಖಾಸಗಿ ವಿದ್ಯಾಸಂಸ್ಥೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಸಂಸ್ಥೆಯ ಕಾಲೇಜುಗಳು ಲಿಂಗಸುಗೂರಿನಲ್ಲೂ ಮಸ್ಕಿಯಲ್ಲೂ ಇವೆ. ಪ್ರತಿವರ್ಷ ಜೂನ್ ಬಂದಿತೆಂದರೆ ಮೂರೂ ಊರಿನ ಬಡ ಹೆಣ್ಣುಮಕ್ಕಳ ಶುಲ್ಕ ರಿಯಾಯಿತಿ ಅರ್ಜಿಗಳನ್ನು ಸಂಸ್ಥೆಯದೇ ವೆಬ್‌ಸೈಟಿನಲ್ಲಿ ತುಂಬುವುದು ನನ್ನ ಪಾಲಿನ ಕೆಲಸ. 300ಕ್ಕೂ ಹೆಚ್ಚು ಅರ್ಜಿ. ಹೆಸರು, ತಂದೆಯ ಹೆಸರು, ಆದಾಯ, ಅಂಕ, ಊರು. ಮಸ್ಕಿ ಈಗ ತಾನೇ ಒಂದು ತಾಲೂಕು. ಆದರೂ ನಮ್ಮ ಫಾರಮ್ಮಿನಲ್ಲಿ ಬಹಳ ದಿನ ಅದು ಲಿಂಗಸುಗೂರಿನ ಕೆಳಗೇ ಇತ್ತು. ಇಡೀ ದಿನ ಕುಟ್ಟಿದರೂ 30 ದಾಟುತ್ತಿರಲಿಲ್ಲ. ಬೆರಳು, ಕಣ್ಣು, ಕುತ್ತಿಗೆ ಎಲ್ಲ ಒಟ್ಟಿಗೇ ದೂರು ಹೇಳುತ್ತಿದ್ದವು.

ನನ್ನ ಸೊಸೆ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವವಳು. ನನ್ನ ಅವಸ್ಥೆ ನೋಡಿ, "ಅತ್ತಿ, ಇದನ್ನ ನೀವ್ಯಾಕ ಕುಟ್ಟಬೇಕು? ನಿಮ್ಮ ಸಂಸ್ಥೆಯವ್ರು ಹೂಂ ಅಂದ್ರ ಒಂದು ಪ್ರೋಗ್ರಾಮ್ ಬರದು ಕೊಡ್ತೀನಿ" ಎಂದಳು. ಕಾರ್ಯದರ್ಶಿಗಳು ಹೂಂ ಎಂದರು. ಪಟ್ಟಿಯನ್ನು ಓದಿ ಫಾರಂ ತೆರೆದು ತುಂಬಿ ಗುಂಡಿ ಒತ್ತುವ ಕೆಲಸ ಪ್ರೋಗ್ರಾಮಿನದಾಯಿತು. ಅದಕ್ಕವಳು ಬಳಸಿದ ಸಲಕರಣೆಯ ಹೆಸರು ಸೆಲೆನಿಯಂ. 2004ರಲ್ಲಿ ಷಿಕಾಗೋದ ಜೇಸನ್ ಹಗ್ಗಿನ್ಸ್ ಎಂಬಾತ ತನ್ನ ಕಂಪನಿಯ ಒಳಬಳಕೆಯ ಪುಟಗಳನ್ನು ಪರೀಕ್ಷಿಸಲು ಮಾಡಿಕೊಂಡದ್ದಂತೆ. ಅದು ನಮ್ಮ ಸಿಂಧನೂರಿಗೂ ಬಂದು ಅರ್ಜಿ ತುಂಬಲು ಕುಳಿತಿತು. ಮೌಸ್ ಮುಟ್ಟದೆಯೇ ಅಕ್ಷರಗಳು ತಾವಾಗಿ ಮೂಡುವುದನ್ನು ಮೊದಲ ದಿನ ನೋಡುತ್ತ ಕುಳಿತೇ ಇದ್ದೆ, ಚಹಾ ಆರಿಹೋಯಿತು.

ಸಿಂಧನೂರಿನ ಅರ್ಜಿ, ಲಿಂಗಸುಗೂರಿನ ಅರ್ಜಿ ಎಲ್ಲ ಎರಡು ದಿನದಲ್ಲಿ ಮುಗಿದವು. ಮೂರನೆಯ ದಿನ ಮಸ್ಕಿಯದೂ ಮುಗಿಯಿತು, ಅಥವಾ ಹಾಗೆ ಕಂಡಿತು. ಕೊನೆಯ ದಿನಾಂಕಕ್ಕೆ ಇನ್ನೊಂದು ದಿನ ಇರುವಾಗ ಮಸ್ಕಿ ಕಾಲೇಜಿನ ಒಬ್ಬ ಹುಡುಗಿ ಬಸ್ ಹತ್ತಿ ಸಿಂಧನೂರಿಗೇ ಬಂದಳು. ಭತ್ತದ ನಾಟಿಗೆ ಕೂಲಿ ಹೋಗುವ ತಾಯಿಯ ಮಗಳು. ಬಾಗಿಲಲ್ಲೇ ನಿಂತು, "ಮೇಡಂ, ನನ್ನ ಅರ್ಜಿ ಹೋಗೇತೇನ್ರಿ? ಫೋನಿಗೆ ನಂಬರ್ ಬಂದಿಲ್ಲರಿ. ರಿಯಾಯಿತಿ ಸಿಗಲಿಲ್ಲಂದ್ರ ನಮ್ಮವ್ವ ಬಿಡಿಸ್ತೀನಂತಾಳ್ರಿ" ಎಂದಳು.

ಪಟ್ಟಿ ತೆಗೆದೆ. ಅವಳ ಹೆಸರಿನ ಮುಂದೆ 'ಒತ್ತಲಾಗಿದೆ' ಎಂದಿತ್ತು. ಆದರೆ ಸ್ವೀಕೃತಿ ಸಂಖ್ಯೆ ಎಲ್ಲಿದೆ? ವೆಬ್‌ಸೈಟ್ ತೆರೆದು ಹುಡುಕಿದಾಗ ಅವಳದಷ್ಟೇ ಅಲ್ಲ, ಮಸ್ಕಿಯ ಅರ್ಜಿಗಳೆಲ್ಲ 'ಕರಡು' ಎಂಬ ಮೂಲೆಯಲ್ಲಿ ಬಿದ್ದಿದ್ದವು. ಆ ರಾತ್ರಿ ವೆಬ್‌ಸೈಟ್ ನೋಡಿಕೊಳ್ಳುವ ಕಂಪನಿಯವರು ಯಾರಿಗೂ ಹೇಳದೆ ಪುಟ ಬದಲಿಸಿದ್ದರು. 'ಸಲ್ಲಿಸು' ಇದ್ದ ಜಾಗದಲ್ಲಿ 'ಕರಡು ಉಳಿಸು' ಬಂದಿತ್ತು, 'ಸಲ್ಲಿಸು' ಅದರ ಪಕ್ಕಕ್ಕೆ ಸರಿದಿತ್ತು. ನಮ್ಮ ಪ್ರೋಗ್ರಾಮ್ ಪಾಪ, ಕೊನೆಯ ಸಾಲಿನ ಮೊದಲ ಗುಂಡಿಯನ್ನು ನಿಷ್ಠೆಯಿಂದ ಒತ್ತುತ್ತಲೇ ಹೋಗಿತ್ತು.

ಸಿಂಧನೂರು ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಸ್ಕಿ ಬಸ್ ದಿನಾ ನಿಲ್ಲುವ ಜಾಗದಲ್ಲಿ ನಿಂತಿದೆ ಎಂದು ಹತ್ತಿ ಕುಳಿತರೆ ಗಂಗಾವತಿಗೆ ಹೋಗಿ ಇಳಿಯಬೇಕಾದೀತು. ಬೋರ್ಡ್ ಓದಬೇಕು, ಓದಲು ಬಾರದವರು ಕಂಡಕ್ಟರನನ್ನು ಕೇಳಬೇಕು. ಸೊಸೆ ಆ ಸಂಜೆ ಮಾಡಿದ್ದು ಇದನ್ನೇ.

ಗುಂಡಿಯನ್ನು ಗುರುತಿಸಲು ನಾಲ್ಕಾರು ದಾರಿ ಇವೆ ಎಂದು ಅವಳು ಹೇಳುತ್ತ ಹೋದಳು, ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕೇಳಿದೆ. ಜಾಗದ ಗುರುತು ಎಲ್ಲಕ್ಕಿಂತ ದುರ್ಬಲ. ಮೇಲೆ ಒಂದು ಪ್ರಕಟಣೆ ಸೇರಿಸಿದರೂ ಎಲ್ಲ ಕೆಳಗೆ ಸರಿಯುತ್ತವೆ. ಗುಂಡಿಗೊಂದು ಒಳಹೆಸರು ಇರುತ್ತದೆ, ಐಡಿ ಎನ್ನುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ಮನುಷ್ಯರು ಇಟ್ಟ ಒಳಹೆಸರಾದರೆ ನಂಬಬಹುದು. ಯಂತ್ರವೇ ಹುಟ್ಟಿಸಿದ್ದಾದರೆ ಪುಟ ಹೊಸದಾದಾಗಲೆಲ್ಲ ಬದಲಾಗುತ್ತದೆ. ಮುಖದ ಮೇಲಿನ ಬರಹ ಒಳ್ಳೆಯ ಗುರುತು, ಆದರೆ 'ಸಲ್ಲಿಸು' ಎಂಬುದು ನಾಳೆ 'ಸಲ್ಲಿಸಿ' ಆದೀತು, ಭಾಷೆ ಬದಲಿಸಿದರೆ 'ಸಬ್ಮಿಟ್' ಆದೀತು. ಆದ್ದರಿಂದ ಇದು ಗುಂಡಿಯೇ ಹೌದೇ, ಈ ಫಾರಮ್ಮಿಗೇ ಸೇರಿದ್ದೇ, ಮುಖದ ಮೇಲೆ ನಾವು ಒಪ್ಪಿದ ಹೆಸರುಗಳಲ್ಲಿ ಒಂದು ಇದೆಯೇ, ಮೂರನ್ನೂ ಕೂಡಿಸಿ ನೋಡಬೇಕು.

ಮಸ್ಕಿಯವರಿಗೆ ಹೆಸರಿನ ವಿಚಾರ ಹೊಸದೇನೂ ಅಲ್ಲ. ಎಷ್ಟೋ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳಿಂದ ಊಹಿಸಿದ್ದರು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರನಿಗೆ ಮಸ್ಕಿಯ ಬಂಡೆ ಶಾಸನ ಸಿಕ್ಕಿತು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಒಂದು ಗುರುತಿಗೆ ಇನ್ನೊಂದು ಸೇರಿದ ಮೇಲೆ ವಾದ ಮುಗಿಯಿತು. ಇದನ್ನು ಹೇಳಿದರೆ ಸೊಸೆ ನಕ್ಕು, "ಅತ್ತಿ, ನಿಮ್ಮ ಅಶೋಕಂದು ಬಟನ್ ಬದಲಾಗಂಗಿಲ್ಲ, ಕಲ್ಲಾಗ ಕೆತ್ತ್ಯಾರ" ಎಂದಳು.

ಇನ್ನೂ ಕೆಲವು ಕಿರಿಕಿರಿ ಇದ್ದವು. 'ಒಪ್ಪಿದ್ದೇನೆ' ಎಂಬ ಚೌಕದಲ್ಲಿ ಗುರುತು ಹಾಕುವವರೆಗೆ ಗುಂಡಿ ಬೂದು ಬಣ್ಣದಲ್ಲಿ ಸುಮ್ಮನೆ ಕುಳಿತಿರುತ್ತದೆ, ಒತ್ತಿದರೂ ಏಳುವುದಿಲ್ಲ. ಐದು ಸೆಕೆಂಡ್ ಕಾಯಿ ಎಂದು ಪ್ರೋಗ್ರಾಮಿಗೆ ಹೇಳಿದರೆ ನಮ್ಮೂರಿನ ಇಂಟರ್‌ನೆಟ್ಟಿಗೆ ಅದು ಸಾಲದು. ಗಡಿಯಾರ ನೋಡಿ ಹಾಲಿನ ಒಲೆ ಆರಿಸುವವರು ಉಂಟೇ? ಉಕ್ಕುವುದನ್ನು ನೋಡಿ ಆರಿಸುತ್ತೇವೆ. ಹಾಗೆಯೇ ಗುಂಡಿ ಎದ್ದದ್ದನ್ನು ನೋಡಿ ಒತ್ತು ಎನ್ನಬೇಕು. ಇನ್ನೊಂದು ತಮಾಷೆ: ಜಿಲ್ಲೆ ಆರಿಸಿದ ಕೂಡಲೇ ಪುಟ ಆ ಭಾಗವನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ಗುಂಡಿ ನೋಡಲು ಅದೇ, ಆದರೆ ಪ್ರೋಗ್ರಾಮ್ ಮೊದಲೇ ಹಿಡಿದಿಟ್ಟುಕೊಂಡದ್ದು ಹಳಸಿಹೋಗಿರುತ್ತದೆ. ಒತ್ತುವ ಮುನ್ನ ಮತ್ತೆ ಹುಡುಕಬೇಕು.

ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. 'ಒತ್ತಲಾಗಿದೆ' ಎಂಬ ಮಾತು ಪಟ್ಟಿಯಲ್ಲಿ ಇರಕೂಡದು. ಒತ್ತಿದ್ದರಿಂದ ಆ ಹುಡುಗಿಗೆ ಏನು ಬಂತು? ಸ್ವೀಕೃತಿ ಸಂಖ್ಯೆ ಪರದೆಯ ಮೇಲೆ ಬಂದು, ಅದನ್ನು ಓದಿ ಹೆಸರಿನ ಮುಂದೆ ಬರೆದ ಮೇಲೆಯೇ ಮುಂದಿನ ಅರ್ಜಿ. ಸಂಖ್ಯೆ ಬಾರದಿದ್ದರೆ ತಾನಾಗಿ ಮತ್ತೆ ಒತ್ತುವಂತಿಲ್ಲ, ಒಂದೇ ಹೆಸರಿಗೆ ಎರಡು ಅರ್ಜಿ ಹೋಗಿ ಎರಡೂ ತಿರಸ್ಕೃತವಾದಾವು. ಮೊದಲು ಅರ್ಜಿ ಹೋಗಿದೆಯೇ ಎಂದು ಹುಡುಕಬೇಕು. ಒಪ್ಪಿದ ಗುಂಡಿ ಸಿಗದಿದ್ದರೆ, ಅಥವಾ ಹಾಗೆ ಕಾಣುವ ಗುಂಡಿ ಎರಡಿದ್ದರೆ, ಊಹೆ ಮಾಡದೆ ನಿಂತು ನನ್ನನ್ನು ಕರೆಯಬೇಕು. "ನಿಂತ್ರ ತಡ ಆಗ್ತದಲ್ಲ ಅತ್ತಿ" ಎಂದಳು. ಆಗಲಿ ಎಂದೆ.

ಆ ರಾತ್ರಿ ಕರಡಿನಲ್ಲಿದ್ದ ಮಸ್ಕಿಯ ಅರ್ಜಿಗಳನ್ನು ಒಂದೊಂದಾಗಿ ತೆರೆದು ಹೊಸ ಪ್ರೋಗ್ರಾಮಿನಿಂದ ಕಳಿಸಿದೆವು. ಮುಗಿದಾಗ ಎರಡು ಗಂಟೆ ಹೊಡೆದಿತ್ತು. ಬೆಳಿಗ್ಗೆ ಕಾಲೇಜಿಗೆ ಫೋನ್ ಮಾಡಿ ಆ ಹುಡುಗಿಗೆ ಅವಳ ಸಂಖ್ಯೆಯನ್ನು ಎರಡು ಸಲ ಓದಿ ಹೇಳಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ, ತಿರುಗಿ ನನಗೇ ಓದಿ ಹೇಳಿ ಸರಿಯೇ ಎಂದು ಕೇಳಿದಳು.

ಮರುವರ್ಷ ಪುಟ ಮತ್ತೆ ಬದಲಾಯಿತು, 'ಸಲ್ಲಿಸು' ಹೋಗಿ 'ದೃಢೀಕರಿಸಿ ಕಳುಹಿಸಿ' ಬಂತು. ಪ್ರೋಗ್ರಾಮ್ ಮೊದಲನೆಯ ಅರ್ಜಿಯಲ್ಲೇ ನಿಂತುಬಿಟ್ಟಿತು. ಸೊಸೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಆ ಹೆಸರನ್ನೂ ಪಟ್ಟಿಗೆ ಸೇರಿಸಿ, ಒಲೆಯ ಮೇಲಿನ ರೊಟ್ಟಿ ಸೀಯುವ ಮೊದಲು ಒಳಗೆ ಹೋದಳು.