ತಲೆ ಎಣಿಕೆ

ನನ್ನ ಅಜ್ಜಿ ಹತ್ತು ಹೆತ್ತವರು, ಉಳಿದದ್ದು ಆರು. ತಾಯಿಗೆ ನಾವು ನಾಲ್ವರು. ನನಗೆ ಒಬ್ಬಳೇ ಮಗಳು. ಈ ಇಳಿಜಾರನ್ನು ಅಭ್ಯಸಿಸುವುದನ್ನೇ ಕಸುಬು ಮಾಡಿಕೊಂಡು ಮೂವತ್ತು ವರ್ಷ ಸಂಬಳ ಉಂಡವನು ನಾನು.

ಕಾಸರಗೋಡಿನ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ತಿರುವನಂತಪುರ ಸೇರಿದಾಗ, ಜನಸಂಖ್ಯಾಶಾಸ್ತ್ರದವರಿಗೆಲ್ಲ ಕೇರಳವೇ ಒಂದು ಒಗಟು. ಜನರ ಆದಾಯ ಕಡಿಮೆ, ಕಾರ್ಖಾನೆಗಳು ವಿರಳ, ಆದರೂ ಹೆರಿಗೆ ಇಳಿಯುತ್ತಿತ್ತು. 1971ರ ಜುಲೈಯಲ್ಲಿ ಎರ್ನಾಕುಳಂನ ಒಂದೇ ಶಿಬಿರದಲ್ಲಿ ಸುಮಾರು 63,000 ಗಂಡಸರು ಶಸ್ತ್ರಕ್ರಿಯೆ ಮಾಡಿಸಿಕೊಂಡದ್ದನ್ನು ಕೆಲವರು ಎತ್ತಿ ಹೇಳುತ್ತಿದ್ದರು. ನನಗೆ ಶಿಬಿರಕ್ಕಿಂತ ಹೆಣ್ಣುಮಕ್ಕಳ ಓದು, ಊರೂರಿನ ಆಸ್ಪತ್ರೆಗಳೇ ದೊಡ್ಡ ಕಾರಣವೆಂದು ತೋರುತ್ತಿತ್ತು. ಮಂಜೇಶ್ವರದ ಕಡೆ ಬೀಡಿ ಕಟ್ಟುತ್ತ ಕುಳಿತಿದ್ದ ಮುದುಕಿಯೊಬ್ಬರು ಇಡೀ ಪ್ರಬಂಧವನ್ನು ತುಳುವಿನಲ್ಲಿ ಒಂದೇ ಮಾತಿಗೆ ಇಳಿಸಿಬಿಟ್ಟರು: ಹುಟ್ಟಿದ್ದು ಉಳಿಯುತ್ತದೆಂದು ಗೊತ್ತಾದ ಮೇಲೆ ಇನ್ನೊಂದು ಯಾಕೆ?

1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ಹೆಣ್ಣೊಬ್ಬಳಿಗೆ ಸರಾಸರಿ ಎರಡೇ ಮಕ್ಕಳು. ತಂದೆತಾಯಿಯರ ಸ್ಥಾನ ತುಂಬಲು ಬೇಕಾದದ್ದು 2.1. ತರಗತಿಯಲ್ಲಿ ಆ ಅಂಕಿಯನ್ನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಗೆಲುವಿನ ಅಂಕಿ ಅದು. ಈಗಲೂ ಹಾಗೆಯೇ ಅನ್ನುತ್ತೇನೆ. ಅಜ್ಜಿ ಕಳೆದುಕೊಂಡ ನಾಲ್ಕು ಕೂಸುಗಳನ್ನು ಮರೆತು ಬೇರೆ ಮಾತಾಡಲಾರೆ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ನಾನು ಕಲಿತ ಶಾಲೆಗೆ ಹೋಗಿದ್ದೆ. ಜೂನ್ ತಿಂಗಳು. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್, ಡಿವಿಷನ್ ಮೇಲೆ ಅಧ್ಯಾಪಕರ ಹುದ್ದೆ. ಒಂದನೆಯ ತರಗತಿಯಲ್ಲಿ ಏಳು ಮಕ್ಕಳಿದ್ದರು. ನನ್ನ ಕಾಲದಲ್ಲಿ ಬೆಂಚು ಸಾಲದೆ ನೆಲದ ಮೇಲೆ ಕುಳಿತದ್ದುಂಟು.

ಹೆಡ್ಮಾಷ್ಟ್ರಿಗೆ ನಾನು ನನ್ನ ಪಾಠ ಒಪ್ಪಿಸತೊಡಗಿದೆ. ಜನನವೇ ಇಳಿದಿದೆ, ಎಲ್ಲ ಕಡೆಯೂ ಹೀಗೆಯೇ. 2019–21ರ ಸಮೀಕ್ಷೆಯಲ್ಲಿ ಕೇರಳ 1.8 ಆದರೆ ಕರ್ನಾಟಕ 1.7. ಗಡಿಯಾಚೆ ಕನ್ನಡದ ಕೂಸುಗಳು ತುಂಬಿ ತುಳುಕುತ್ತಿವೆಯೆಂದು ನಾವು ತಿಳಿದುಕೊಂಡದ್ದಷ್ಟೆ.

ಅವರು ಹಾಜರಿ ಪುಸ್ತಕ ಮುಚ್ಚಿ, "ಹುಟ್ಟದವರ ಲೆಕ್ಕ ಸರಿ ಸಾರ್. ಹುಟ್ಟಿದವರೂ ಇಲ್ಲಿಗೆ ಬರುವುದಿಲ್ಲವಲ್ಲ. ನಿಮ್ಮ ಮಗಳು ಎಲ್ಲಿ ಓದಿದ್ದು?" ಎಂದು ಕೇಳಿದರು. ಚುಚ್ಚಬೇಕೆಂದು ಕೇಳಿದ್ದಲ್ಲ. ಚಾ ತರಿಸಿದ್ದರು, ಅದು ತಣ್ಣಗಾಯಿತು.

ಮಗಳು ಓದಿದ್ದು ತಿರುವನಂತಪುರದಲ್ಲಿ, ಇಂಗ್ಲಿಷ್ ಮತ್ತು ಮಲಯಾಳ. ನಮಗಿದ್ದದ್ದು ಒಂದೇ ಮಗು, ಅದಕ್ಕೆ ಯಾವುದೂ ಕಡಿಮೆಯಾಗಬಾರದೆಂದು ಒಳ್ಳೆಯ ಶಾಲೆ ಹುಡುಕಿದೆವು. ಒಂದೇ ಕೂಸಿನ ಮನೆಗಳು ಹೀಗೆಯೇ ಯೋಚಿಸುತ್ತವೆಂದು ನಾನೇ ಲೇಖನ ಬರೆದಿದ್ದೆ. ಆ ಮನೆ ನಮ್ಮದೆಂದು ಆಗ ಹೊಳೆದಿರಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ಓದಲು ಬಾರದು.

ಈ ವಾರ್ಷಿಕ ಸಂಚಿಕೆ ಅವಳಿಗೂ ತಲುಪುತ್ತದೆ. ಮಲಯಾಳದ ಪುಟಗಳನ್ನು ತಾನೇ ಓದಿಕೊಳ್ಳುತ್ತಾಳೆ. ಈ ಪುಟವನ್ನು ಮಾತ್ರ ಫೋನಿನಲ್ಲಿ ನಾನೇ ಓದಿ ಹೇಳಬೇಕು.